ಕೊಳಲು ಕೇಳದ ಮಳೆಗಾಲ

ಹೋದ ತಿಂಗಳು ಒಂದು ಡೈಯನ್ನು ಸಾಣೆಗೆ ಕೊಡಲು ಪೀಣ್ಯ ಎರಡನೇ ಹಂತಕ್ಕೆ ಹೋಗಿದ್ದೆ. ನಮ್ಮ ಕಾರ್ಖಾನೆ ಜಿಗಣಿಗೆ ಹೋದ ಮೇಲೆ ಆ ಕಡೆ ಕಾಲಿಡುವುದೇ ಅಪರೂಪವಾಗಿದೆ. ಆಟೋ ಇಳಿಯುವ ಹೊತ್ತಿಗೆ ಸಣ್ಣಗೆ ಮಳೆ ಹಿಡಿಯಿತು. ರಸ್ತೆ ಬದಿಯ ಮಣ್ಣಿನಲ್ಲಿ ವರ್ಷಗಟ್ಟಲೆ ಇಂಗಿದ್ದ ಮಷೀನಿನ ಎಣ್ಣೆ ಹನಿ ಬಿದ್ದ ಕೂಡಲೇ ಎದ್ದು ಮೂಗಿಗೆ ಬಡಿಯಿತು. ಒದ್ದೆ ಮಣ್ಣು, ಕಬ್ಬಿಣ, ಸುಟ್ಟ ಎಣ್ಣೆ, ಮೂರೂ ಸೇರಿದ ವಾಸನೆ ಅದು. ಗೊತ್ತಿಲ್ಲದವರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಹಾಗೇ ನಿಂತುಬಿಟ್ಟೆ.

ನಾವು ಕೆಲಸ ಮಾಡುತ್ತಿದ್ದ ಶೆಡ್ ಈಗ ಪಾರ್ಸೆಲ್ ಗೋದಾಮು. ಪ್ರೆಸ್ಸುಗಳಿದ್ದ ಜಾಗದಲ್ಲಿ ರಟ್ಟಿನ ಪೆಟ್ಟಿಗೆಗಳು. ಬಾಗಿಲ ಬಳಿಯ ತಗಡಿನ ಚಾವಣಿಯ ಕೆಳಗೆ ನಿಂತು ಒಳಗೆ ನೋಡುತ್ತಿದ್ದಾಗ ಆ ಒಂದು ಮಳೆಗಾಲ ನೆನಪಿಗೆ ಬಂತು. ಅದಾಗಿ ಬಹಳ ವರ್ಷವೇನೂ ಆಗಿಲ್ಲ. ಆದರೂ ನನ್ನ ಬದುಕನ್ನು ಅದಕ್ಕೆ ಮುಂಚೆ, ಅದರ ನಂತರ ಎಂದು ಎರಡಾಗಿ ಹೇಳಬಹುದು.

ನಾವು ಚೊಕ್ಕಸಂದ್ರದವರು. ನಮ್ಮಪ್ಪ ರಾಗಿ, ಅವರೆ, ಸೊಪ್ಪು ಬೆಳೆಯುತ್ತಿದ್ದ ಹೊಲಗಳೆಲ್ಲ ಶೆಡ್ಡುಗಳಾದ ಮೇಲೆ ಅಣ್ಣ ಲಾರಿ ಇಟ್ಟ, ತಮ್ಮ ಬ್ಯಾಂಕಿಗೆ ಹೋದ, ನಾನು ಐ.ಟಿ.ಐ. ಓದಿ ಪ್ರೆಸ್ ಶಾಪಿಗೆ ಸೇರಿದೆ. ಪವರ್ ಪ್ರೆಸ್ ಎಂದರೆ ತಗಡನ್ನು ಒಂದೇ ಏಟಿಗೆ ಬೇಕಾದ ಆಕಾರಕ್ಕೆ ಕತ್ತರಿಸುವ ಯಂತ್ರ. ಕೆಳಗಿನ ಅಚ್ಚು ಡೈ, ಮೇಲಿನಿಂದ ಇಳಿದು ಹೊಡೆಯುವುದು ಪಂಚ್. ಇವೆರಡನ್ನೂ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕೂರಿಸಿ, ಓಡಿಸಿ ನೋಡಿ, ಸರಿಯಿದೆ ಎಂದು ಹೇಳಿ ಆಪರೇಟರ್‌ಗೆ ಒಪ್ಪಿಸುವವನು ಸೆಟ್ಟರ್. ನಾನು ಇಪ್ಪತ್ತೆರಡು ವರ್ಷ ಸೆಟ್ಟರ್ ಆಗಿದ್ದೆ.

ನನಗೆ ಒಂದು ಹೆಸರಿತ್ತು. ಮೂರ್ತಿ ಕಿವಿಯಲ್ಲೇ ಡೈ ಸೆಟ್ ಮಾಡ್ತಾನೆ ಅನ್ನುತ್ತಿದ್ದರು. ಅಳತೆಯ ಉಪಕರಣ ಎಲ್ಲರ ಬಳಿಯೂ ಇತ್ತು. ಆದರೆ ಪ್ರೆಸ್ಸನ್ನು ಹತ್ತು ಏಟು ಓಡಿಸಿ, ತಲೆ ಬಗ್ಗಿಸಿ ಕೇಳಿ, ಪಂಚಿನ ಯಾವ ಮೂಲೆ ಸವೆದಿದೆ ಎಂದು ಹೇಳುತ್ತಿದ್ದವನು ನಾನೊಬ್ಬನೇ. ಒಳ್ಳೆಯ ಏಟು ತುಂಬಿಕೊಂಡು ಬೀಳುತ್ತದೆ. ಬಿರುಕು ಬಿಟ್ಟ ಪಂಚಿನ ಏಟಿನ ಬಾಲದಲ್ಲಿ ಸಣ್ಣಗೆ ಒಂದು 'ಕಿಣ್' ಇರುತ್ತದೆ. ಆ ಕಿಣ್ ಅನ್ನು ನಾನು ನಾಲ್ಕು ಮಷೀನಿನಾಚೆಯಿಂದ ಹಿಡಿಯುತ್ತಿದ್ದೆ. ಅದು ಎಂಥ ಹೆಮ್ಮೆ ಎಂದು ಈಗ ವಿವರಿಸುವುದು ಕಷ್ಟ.

ಶೆಡ್ಡಿನ ಬಾಗಿಲಲ್ಲಿ ಒಂದು ಡಬ್ಬದ ತುಂಬ ಕಿತ್ತಳೆ ಬಣ್ಣದ ಸ್ಪಂಜಿನ ಬಿರಡೆಗಳಿರುತ್ತಿದ್ದವು. ಕಿವಿಗೆ ಹಾಕಿಕೊಳ್ಳಲು. ನಾನು ಹಾಕಿಕೊಳ್ಳುತ್ತಿರಲಿಲ್ಲ. ಅಷ್ಟೇ ಆಗಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ. ಹೊಸಬರು ಕೆಲಸಕ್ಕೆ ಬಂದಾಗ ನಾನೇ ಅವರ ಕಿವಿಯಿಂದ ಬಿರಡೆ ತೆಗೆಸಿ, "ಇದನ್ನ ಹಾಕ್ಕೊಂಡ್ರೆ ಮಷೀನ್ ಹೇಳೋದು ಕೇಳಲ್ಲ ಕಣೋ. ಮೊದ್ಲು ಮಷೀನ್ ಮಾತು ಕಲಿ" ಎನ್ನುತ್ತಿದ್ದೆ. ಹಾಗೆ ನಾನು ಪಾಠ ಹೇಳಿದವರಲ್ಲಿ ಒಬ್ಬ ರಿಯಾಜ್. ನಾಲ್ಕನೇ ನಂಬರ್ ಪ್ರೆಸ್ಸಿನ ಆಪರೇಟರ್. ಇಪ್ಪತ್ತಾರು ವರ್ಷ, ಮದುವೆಯಾಗಿ ಒಂದು ಹೆಣ್ಣುಮಗು ಹುಟ್ಟಿತ್ತು. ಆರು ವರ್ಷದ ಹಿಂದೆ ಬಂದ ದಿನದಿಂದ ನನ್ನ ಮಾತನ್ನು ಒಮ್ಮೆಯೂ ತೆಗೆದುಹಾಕಿದವನಲ್ಲ.

ಆ ವರ್ಷ ಜೂನ್‌ನಲ್ಲಿ ನಮ್ಮಿಂದ ಮಾಲು ಕೊಳ್ಳುವ ದೊಡ್ಡ ಕಂಪನಿಯೊಂದರ ಆಡಿಟ್‌ನವರು ಬಂದು, ತಮ್ಮ ಪಾರ್ಟಿನ ಫೋಟೋ ಹೊರಗೆ ಹೋಗಬಾರದು, ಕ್ಯಾಮೆರಾ ಇರುವ ಫೋನು ಗೇಟಿನಿಂದ ಒಳಗೆ ಬರಬಾರದು ಎಂದು ಬರೆದಿಟ್ಟುಹೋದರು. ಮಾರನೆಯ ದಿನದಿಂದ ಎಲ್ಲರ ಫೋನೂ ಸೆಕ್ಯುರಿಟಿಯ ಕಪಾಟಿನಲ್ಲಿ. ಬೇರೆಯವರಿಗೆ ವಿಡಿಯೋ ತಪ್ಪಿತು, ನನಗೆ ಹಾಡು ತಪ್ಪಿತು. ಚಹಾದ ಹೊತ್ತಿನಲ್ಲಿ, ಊಟದ ನಂತರದ ಇಪ್ಪತ್ತು ನಿಮಿಷದಲ್ಲಿ ಕ್ಯಾಂಟೀನಿನ ಮೂಲೆಯಲ್ಲಿ ಕೂತು ಹಳೆಯ ಸಿನಿಮಾ ಹಾಡು ಕೇಳುವುದು ನನ್ನ ಚಟ. ಅದಿಲ್ಲದೆ ಮಧ್ಯಾಹ್ನದ ಮೇಲಿನ ಕೆಲಸಕ್ಕೆ ಕೈ ಏಳುತ್ತಿರಲಿಲ್ಲ.

"ಅಣ್ಣ, ಹಾಡಿಗೇ ಅಂತ ಬೇರೆ ಪ್ಲೇಯರ್ ಬರುತ್ತಲ್ಲ, ಅದು ತಗೊಳ್ಳಿ" ಎಂದ ರಿಯಾಜ್.

"ಈ ಕಾಲದಲ್ಲಿ ಅದನ್ನ ಇನ್ನೂ ಯಾರ್ ಮಾಡ್ತಾರೋ?"

"ಮಾಡ್ತಾರೆ. ಓಡೋರು, ಜಿಮ್‌ಗೆ ಹೋಗೋರು ತಗೋತಾರೆ. ನಾನು ಬರ್ಕೊಡ್ತೀನಿ ಇರಿ."

ಜಾಬ್ ಕಾರ್ಡಿನ ಹಿಂದೆ ಬರೆದುಕೊಟ್ಟ. ಕ್ಯಾಮೆರಾ ಇರಬಾರದು, ಸಿಮ್ ಇರಬಾರದು, ಇಲ್ಲದಿದ್ದರೆ ಗೇಟಿನಲ್ಲೇ ಹಿಡಿಯುತ್ತಾರೆ. ಬಟನ್ ಇರಬೇಕು, ಎಣ್ಣೆ ಬೆರಳಿಗೆ ಟಚ್ ಸ್ಕ್ರೀನ್ ಆಗುವುದಿಲ್ಲ. ಮೆಮೊರಿ ಕಾರ್ಡ್ ಹಾಕುವಂತಿರಬೇಕು. ಕೊನೆಯಲ್ಲಿ, ಇಯರ್‌ಫೋನ್ ವೈರಿನದೇ ಇರಲಿ, ಎಂದು ಬರೆದು ಅಡಿಗೆರೆ ಎಳೆದಿದ್ದ. ಅವನು ಅಲ್ಲಿಯವರೆಗೆ ವೈರಿಲ್ಲದ ಇಯರ್‌ಬಡ್ಸನ್ನು ಟೋಪಿಯೊಳಗೆ ಮುಚ್ಚಿಟ್ಟುಕೊಂಡು, ಪ್ರೆಸ್ಸಿನ ಸದ್ದಿಗಿಂತ ಜೋರಾಗಿ ಹಾಡು ಹಾಕಿ ಕೆಲಸ ಮಾಡುತ್ತಿದ್ದ. ಒಂದು ಬಡ್ ತಗಡಿನ ಚೂರುಗಳ ರಾಶಿಗೆ ಬಿದ್ದು ಕಳೆದುಹೋಗಿತ್ತು. ಮಾಲೀಕರು, ಕ್ಯಾಮೆರಾ ಸಿಮ್ ಎರಡೂ ಇಲ್ಲದಿದ್ದರೆ ಕ್ಯಾಂಟೀನಿನಲ್ಲಿ ಮಾತ್ರ ಬಳಸಬಹುದು ಎಂದು ಒಪ್ಪಿಗೆ ಕೊಟ್ಟರು.

ಶನಿವಾರ ಜಾಲಹಳ್ಳಿ ಕ್ರಾಸಿಗೆ ಹೋದೆ. ಮೆಟ್ರೋ ಕಂಬಗಳ ಪಕ್ಕದ ಸಾಲಿನಲ್ಲಿ ಮೊಬೈಲ್ ರಿಪೇರಿ ಮಾಡುವ, ಸಣ್ಣಪುಟ್ಟ ಎಲೆಕ್ಟ್ರಾನಿಕ್ ಸಾಮಾನು ಮಾರುವ ಒಂದು ಅಂಗಡಿ. ಅದನ್ನು ನಡೆಸುವವರು ಶೈಲಜಾ ಎಂಬ ದಾವಣಗೆರೆ ಕಡೆಯ ಹೆಂಗಸು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಸಣ್ಣ ಸ್ಕ್ರೂಡ್ರೈವರ್. ಚೀಟಿ ಓದಿ ನಕ್ಕರು. "ಯಾರು ಬರ್ದಾರೋ ತಿಳ್ಕೊಂಡು ಬರ್ದಾರ್ರಿ" ಎಂದು ಮೂರು ಪ್ಲೇಯರ್‌ಗಳನ್ನು ಗಾಜಿನ ಮೇಲೆ ಇಟ್ಟರು.

ಒಂದು ಬಟ್ಟೆಗೆ ಸಿಕ್ಕಿಸಿಕೊಳ್ಳುವಂಥದ್ದು, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. "ಇದರಾಗೆ ಪರದೆ ಇಲ್ರಿ. ಯಾವ ಹಾಡು ಬರ್ತೈತೋ ಅದನ್ನೇ ಕೇಳ್ಬೇಕು." ಇನ್ನೊಂದು ನೋಡಲು ಚೆಂದ, ಆದರೆ ಪೂರ್ತಿ ಟಚ್ ಸ್ಕ್ರೀನ್. ಮೂರನೆಯದು ಕಪ್ಪು, ಸ್ವಲ್ಪ ದಪ್ಪ, ಐದು ಬಟನ್, ನಾಲ್ಕು ಸಾಲು ಹಿಡಿಯುವ ಪುಟ್ಟ ಪರದೆ. ಕೈಯಲ್ಲಿ ಹಿಡಿದರೆ ಭಾರ ಹಿತವಾಗಿತ್ತು, ನಮ್ಮ ಉಪಕರಣಗಳ ಹಾಗೆ. ಅದಕ್ಕೇ ನಾನು ಮನೆಯಿಂದ ತಂದಿದ್ದ ಮೆಮೊರಿ ಕಾರ್ಡ್ ಹಾಕಿಸಿದೆ.

ಪರೀಕ್ಷಿಸಲು ನಾನು ಹೈಸ್ಕೂಲಿನಿಂದಲೂ ಕೇಳುತ್ತಿದ್ದ ಒಂದು ಯುಗಳ ಗೀತೆಯನ್ನು ಹಾಕಿದೆ. ಮೊದಲ ಚರಣ ಮುಗಿದ ಮೇಲೆ ಅದರಲ್ಲಿ ಕೊಳಲೊಂದು ಬರುತ್ತದೆ. ಒಂದೇ ಉಸಿರಿನಲ್ಲಿ ಮೇಲೆ ಹತ್ತಿ ಅಲ್ಲೇ ನಿಂತು, ಹಾಡುವವರಿಗೆ ದಾರಿ ಬಿಡುತ್ತದೆ. ಚರಣ ಮುಗಿಯಿತು. ತಬಲಾ ಬಂತು, ಅದರಾಚೆ ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ದನಿ.

"ಮೇಡಂ, ಇಲ್ಲಿ ಒಂದು ಕೊಳಲು ಬರ್ಬೇಕು. ಬರ್ತಿಲ್ಲ. ಎಡಗಡೆ ವೈರ್ ಲೂಸ್ ಇರ್ಬೇಕು ನೋಡಿ."

ಅವರು ಇಯರ್‌ಫೋನ್ ಬದಲಿಸಿದರು. ಬರಲಿಲ್ಲ. ಮತ್ತೊಂದು ಹೊಸದನ್ನು ಪೊಟ್ಟಣದಿಂದ ತೆಗೆದರು. ಬರಲಿಲ್ಲ. "ಹಂಗಾದ್ರೆ ಪ್ಲೇಯರೇ ಸರಿ ಇಲ್ಲ" ಎಂದೆ. ಅವರು ತಾವೇ ಕಿವಿಗೆ ಇಟ್ಟುಕೊಂಡು ಕೇಳಿದರು. ಮುಖದಲ್ಲಿ ಏನೂ ತೋರಿಸಲಿಲ್ಲ.

"ಕೊಳಲು ಬರ್ತೈತಲ್ರಿ ಸರ."

"ನಂಗ್ಯಾಕೆ ಬರ್ತಿಲ್ಲ ಮತ್ತೆ?"

ಅವರು ಇಯರ್‌ಫೋನನ್ನು ಮತ್ತೆ ನನ್ನ ಕೈಗೆ ಕೊಟ್ಟು, "ಒಂದ್ ಕೆಲಸ ಮಾಡ್ರಿ. ಎಡಗಡೆ ಇಟ್ಕೊಂಡಿರೋದನ್ನ ಬಲಗಿವಿಗೆ ಇಟ್ಕೊಳ್ರಿ. ಬಲದ್ದು ಎಡಕ್ಕೆ" ಎಂದರು.

ಅದಲು ಬದಲು ಮಾಡಿ ಹಾಡನ್ನು ಮೊದಲಿನಿಂದ ಹಾಕಿದೆ. ಈ ಸಲ ಕೊಳಲು ಬಂತು. ಬಲಗಿವಿಯಲ್ಲಿ. ತೆಳ್ಳಗೆ, ದೂರದ ಮನೆಯೊಳಗಿಂದ ಬಂದ ಹಾಗೆ. ಎಡಗಿವಿಯಲ್ಲಿ ಈಗ ತಬಲಾ ಮಂಕಾಯಿತು. ಅಂಗಡಿಯ ಮುಂದೆ ಬಸ್ಸೊಂದು ನಿಂತು ಹೊರಟಿತು. ನಾನು ಇಯರ್‌ಫೋನ್ ತೆಗೆಯದೆ ಹಾಗೇ ನಿಂತಿದ್ದೆ, ತೆಗೆದರೆ ಮಾತಾಡಬೇಕಾಗುತ್ತದೆ ಎಂದು.

"ನಮ್ಮಪ್ಪಾಜಿ ಹತ್ತಿ ಮಿಲ್ಲಿನಾಗೆ ಇದ್ರು ಸರ" ಎಂದರು ಶೈಲಜಾ, ಮೇಜಿನ ಮೇಲಿನ ಪೊಟ್ಟಣಗಳನ್ನು ಜೋಡಿಸುತ್ತ. "ಅವ್ರಿಗೂ ಹಿಂಗೇ ಶುರುವಾಗಿದ್ದು. ಒಂದ್ಸಲ ತೋರ್ಸ್ಕೊಳ್ರಿ."

"ಶೀತ ಆಗಿದೆ ಅಷ್ಟೆ" ಎಂದೆ. ಕಪ್ಪು ಪ್ಲೇಯರನ್ನೇ ಪ್ಯಾಕ್ ಮಾಡಿಸಿದೆ. ಬೇರೆ ನೋಡುವ, ಚೌಕಾಸಿ ಮಾಡುವ ಮನಸ್ಸಿರಲಿಲ್ಲ, ಅಲ್ಲಿಂದ ಹೊರಬೀಳಬೇಕಿತ್ತು. ಚೀಲ ಕೊಡುವಾಗ ಅವರು, "ಇದರ ಸೆಟ್ಟಿಂಗ್ಸ್‌ನಾಗೆ ಮೊನೊ ಅಂತ ಐತ್ರಿ. ಅದನ್ನ ಹಾಕಿದ್ರೆ ಎರಡೂ ಕಡೇದು ಕೂಡಿ ಒಂದೇ ಕಿವಿಗೆ ಪೂರ್ತಿ ಹಾಡು ಬರ್ತೈತಿ" ಎಂದರು. ಒಳ್ಳೆಯ ಮಾತಾಗಿ ಹೇಳಿದ್ದು. ನನಗೆ ಬೈಗುಳದಂತೆ ಕೇಳಿಸಿತು.

ಮುಂದಿನ ಎರಡು ತಿಂಗಳು ನಾನು ಏನು ಮಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಮೊನೊ ಹಾಕಲಿಲ್ಲ. ಮನೆಯ ತಾರಸಿಯಲ್ಲಿ ಕೂತು ಅದೇ ಹಾಡಿನ ಸದ್ದನ್ನು ಒಂದೊಂದೇ ಮೆಟ್ಟಿಲು ಏರಿಸುತ್ತ ಹೋದೆ. ಕೊನೆಯ ಮೆಟ್ಟಿಲಿನಲ್ಲಿ ಎಡಗಿವಿಯೊಳಗೆ ಕೊಳಲಿನ ನೆರಳಿನಂಥದ್ದೇನೋ ಸಿಕ್ಕಿತು. ಸಿಕ್ಕಿತೋ, ನೆನಪಿನಿಂದ ನಾನೇ ತುಂಬಿಕೊಂಡೆನೋ. ದಿನವೂ ಅಷ್ಟೇ ಜೋರಾಗಿ ಕೇಳಿದೆ. ಕೇಳಿ ಮುಗಿದ ಮೇಲೆ ಕಿವಿಯಲ್ಲಿ ಜೀರುಂಡೆ ಕೂಗುತ್ತಿತ್ತು. ಆ ಕೂಗು ನನಗೆ ಹೊಸದಲ್ಲ, ಎಷ್ಟೋ ವರ್ಷದಿಂದ ಕೆಲಸ ಬಿಟ್ಟು ಬಂದ ಮೇಲೆ ಇರುತ್ತಿತ್ತು. ಪ್ರೆಸ್ ಶಾಪಿನವರಿಗೆಲ್ಲ ಇರುವುದೇ ಎಂದುಕೊಂಡಿದ್ದೆ. ಗೋಡೆ ಗಡಿಯಾರವನ್ನು ಇಳಿಸಿ ಒಂದೊಂದು ಕಿವಿಗೂ ಹಿಡಿದು ನೋಡಿದೆ. ಬೆರಳು ಉಜ್ಜಿ ನೋಡಿದೆ. ಪ್ರತಿ ಸಲವೂ ಉತ್ತರ ಒಂದೇ.

ಆಸ್ಪತ್ರೆಗೆ ಹೋಗಲಿಲ್ಲ. ಹೋದರೆ ಕಾಗದದ ಮೇಲೆ ಬರುತ್ತದೆ. ಕಾಗದದ ಮೇಲೆ ಬಂದರೆ ಕಿವಿಯಲ್ಲಿ ಡೈ ಸೆಟ್ ಮಾಡುವ ಮೂರ್ತಿ ಮುಗಿದ ಹಾಗೆ. ಕೆಲಸ ಹೋಗದಿರಬಹುದು, ಆದರೆ ಆ ಮನುಷ್ಯ ಹೋಗುತ್ತಾನೆ. ಶಾಪಿನಲ್ಲಿ ನಾನು ಮೊದಲಿನಂತೆಯೇ ತಲೆ ಬಗ್ಗಿಸಿ ಹತ್ತು ಏಟು ಕೇಳುತ್ತಿದ್ದೆ. ನಿಜ ಹೇಳಬೇಕೆಂದರೆ ಕಣ್ಣು, ಕೈ, ರೂಢಿ ಇವೇ ಕೆಲಸ ಮಾಡುತ್ತಿದ್ದವು. ತಲೆ ಬಗ್ಗಿಸುವುದು ನಾಟಕವಾಗಿತ್ತು.

"ಹೆಂಗಿದೆ ಅಣ್ಣ ಸೌಂಡು?" ಎಂದು ಕೇಳುತ್ತಿದ್ದ ರಿಯಾಜ್.

"ಸಕ್ಕತ್ತಾಗಿದೆ ಕಣೋ."

ಗೌರಿ ಹಬ್ಬದ ಹಿಂದಿನ ವಾರ. ಬೆಳಗಿನಿಂದ ಬಿಡದ ಮಳೆ, ತಗಡಿನ ಚಾವಣಿಯ ಸದ್ದು ಬೇರೆ. ಹನ್ನೊಂದರ ಸುಮಾರಿಗೆ ನಾಲ್ಕನೇ ಪ್ರೆಸ್ಸಿಗೆ ಹೊಸ ಕೆಲಸದ ಡೈ ಕೂರಿಸಿದೆ. ಹತ್ತು ಏಟು ಓಡಿಸಿ, ತಲೆ ಬಗ್ಗಿಸಿ ಕೇಳಿ, ಸರಿಯಿದೆ ಎಂದು ಕೈ ತೋರಿಸಿದೆ. ರಿಯಾಜ್ ಓಡಿಸಲು ಶುರುಮಾಡಿದವನು ಸ್ವಲ್ಪ ಹೊತ್ತಿಗೆ ನಿಲ್ಲಿಸಿದ.

"ಅಣ್ಣ, ಏಟಿನ ಕೊನೇಲಿ ಏನೋ ಕಿಣ್ ಅಂತಿದೆ."

ನಾನು ಮತ್ತೆ ಎರಡು ಏಟು ಹೊಡೆಸಿದೆ. ನನಗೆ ಕಿಣ್ ಇರಲಿಲ್ಲ. ಆ ಕ್ಷಣದಲ್ಲಿ ನನಗೆ ಗೊತ್ತಿತ್ತು. ಇಲ್ಲಿ ಸುಳ್ಳು ಹೇಳಿದರೆ ಈ ಬರಹಕ್ಕೆ ಅರ್ಥವಿಲ್ಲ. ನನಗೆ ಕೇಳಿಸದಿರುವುದರಿಂದ ಅಲ್ಲಿ ಇಲ್ಲ ಎಂದಾಗುವುದಿಲ್ಲ ಎಂದು ಅಂಗಡಿಯಲ್ಲೇ ತಿಳಿದಿತ್ತು. ಡೈ ಬಿಚ್ಚಿ ಪಂಚನ್ನು ಬೆಳಕಿಗೆ ಹಿಡಿದು ನೋಡಲು ಅರ್ಧ ಗಂಟೆ ಸಾಕಿತ್ತು. ಆದರೆ ಅಕ್ಕಪಕ್ಕದ ಮಷೀನಿನವರು ನೋಡುತ್ತಿದ್ದರು. ಮೂರ್ತಿಗೆ ಕೇಳದ್ದು ರಿಯಾಜ್‌ಗೆ ಕೇಳಿತು ಎಂದಾಗುತ್ತಿತ್ತು.

"ನಂಗೆ ಕೇಳಿಸ್ತಿಲ್ವಲ್ಲೋ. ಮಳೆ ಸದ್ದು ಇರ್ಬೇಕು. ಓಡ್ಸು" ಎಂದೆ.

ಓಡಿಸಿದ. ನಾನು ಮೂರು ಹೆಜ್ಜೆ ಹೋಗಿದ್ದೆನೋ ಇಲ್ಲವೋ, ಪಂಚು ಒಡೆಯಿತು. ಆ ಸದ್ದು ನನಗೂ ಕೇಳಿಸಿತು. ತಿರುಗಿ ನೋಡಿದರೆ ರಿಯಾಜ್ ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಕೂತಿದ್ದ, ಬೆರಳುಗಳ ಸಂದಿಯಿಂದ ರಕ್ತ.

ಚೂರು ಬಲಗಣ್ಣಿನ ಕೆಳಗೆ, ಕೆನ್ನೆಯ ಮೂಳೆಗೆ ತಗುಲಿತ್ತು. ರಸ್ತೆಯ ಕೊನೆಯ ಕ್ಲಿನಿಕ್ಕಿನಲ್ಲಿ ಡಾಕ್ಟರು ನಾಲ್ಕು ಹೊಲಿಗೆ ಹಾಕಿ, ಒಂದು ಬೆರಳು ಮೇಲಾಗಿದ್ದರೆ ಕಣ್ಣಿನ ಆಸೆ ಬಿಡಬೇಕಿತ್ತು ಎಂದರು. ಹೊಲಿಗೆ ಮುಗಿದ ಮೇಲೆ ಇಬ್ಬರೂ ಹೊರಗಿನ ಬೆಂಚಿನಲ್ಲಿ ಕೂತೆವು. ನಾನು ಅವನ ಬಲಕ್ಕೆ ಕೂತಿದ್ದೆ. ಅವನೇನೋ ಅಂದ. ಕೇಳಲಿಲ್ಲ. ಎದ್ದು ಇನ್ನೊಂದು ಕಡೆ ಬಂದು ಕೂತೆ.

"ಏನಂದೆ?"

"ಮನೇಗೆ ಫೋನ್ ಮಾಡ್ಬೇಡಿ, ನಾನೇ ಹೋಗಿ ಹೇಳ್ತೀನಿ ಅಂದೆ."

"ರಿಯಾಜ್, ನನ್ ಎಡಗಿವಿ ಹೋಗಿದೆ ಕಣೋ. ಪ್ಲೇಯರ್ ತಗೊಳ್ಳೋಕೆ ಹೋದ ದಿನಾನೇ ಗೊತ್ತಾಯ್ತು. ನಿಂಗೆ ಕೇಳಿದ ಕಿಣ್ ನಿಜವಾಗ್ಲೂ ಇತ್ತು. ನಂಗೆ ಕೇಳ್ತಿರ್ಲಿಲ್ಲ. ಗೊತ್ತಿದ್ದೂ ಓಡ್ಸು ಅಂದೆ."

ಅವನು ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. ಅವನು ಕೆನ್ನೆಯ ಬಟ್ಟೆಯನ್ನು ಮೆಲ್ಲಗೆ ಒತ್ತಿಕೊಳ್ಳುತ್ತ, "ನಿಮ್ಗೇ ಕೇಳ್ತಿಲ್ಲ ಅಂದಾಗ ನನ್ ಕಿವೀನೇ ಸರಿ ಇಲ್ಲ ಅನ್ಕೊಂಡೆ ಅಣ್ಣ" ಎಂದ.

ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಸಂಜೆ ಮನೆಗೆ ಬಂದು ಹೆಂಡತಿ ಸುಜಾತಳಿಗೆ ಎಲ್ಲವನ್ನೂ ಹೇಳಿದೆ. ಅವಳು ಹಬ್ಬಕ್ಕೆಂದು ಅಕ್ಕಿ ಆರಿಸುತ್ತಿದ್ದಳು. ರಿಯಾಜನ ಗಾಯದ ಮಾತು ಕೇಳಿ ಕೈ ನಿಲ್ಲಿಸಿದಳು. ಕಿವಿಯ ಮಾತಿಗೆ ನಿಲ್ಲಿಸಲಿಲ್ಲ.

"ಅದು ನಂಗೆ ಗೊತ್ತಿತ್ತು ಕಣ್ರೀ."

"ಯಾವಾಗಿಂದ?"

"ಎರಡು ವರ್ಷ ಆಯ್ತು. ಆಚೆ ಹೋದಾಗ ನಾನು ಯಾವ ಕಡೆ ನಡೀತೀನಿ ಅಂತ ಒಂದಿನಾನಾದ್ರೂ ನೋಡಿದೀರಾ? ನಿಮ್ಮ ಬಲಗಡೇನೇ ನಡೀತೀನಿ. ಬಡಿಸೋವಾಗ್ಲೂ ಆ ಕಡೆಯಿಂದ್ಲೇ ಬರ್ತೀನಿ."

"ಹೇಳ್ಬಾರ್ದಿತ್ತಾ?"

"ನಿಮ್ ಕಿವಿ ಬಗ್ಗೆ ನಿಮ್ಗೆ ಹೇಳೋಕೆ ಯಾರಿಗೆ ಧೈರ್ಯ ಇದೆ ಹೇಳಿ?" ಎಂದಳು. ವ್ಯಂಗ್ಯವೇನೂ ಇರಲಿಲ್ಲ. ಇದ್ದದ್ದನ್ನು ಹೇಳಿದಳು. ಆಮೇಲೆ, "ನಾಳೆ ಎಲ್ರ ಮುಂದೆ ಹೇಳಿಬಿಡಿ. ಆ ಹುಡುಗನ ಹೆಂಡ್ತಿ ಮುಖ ನಾನೂ ನೋಡ್ಬೇಕಲ್ಲ" ಎಂದಳು.

ಮರುದಿನ ಬೆಳಿಗ್ಗೆ ಚಹಾದ ಹೊತ್ತಿಗೆ ಕ್ಯಾಂಟೀನಿನಲ್ಲಿ ಎದ್ದು ನಿಂತು ಹೇಳಿದೆ. ಭಾಷಣ ಬರುವುದಿಲ್ಲ ನನಗೆ. ಪಂಚಿನಲ್ಲಿ ಬಿರುಕಿತ್ತು, ರಿಯಾಜ್ ಹೇಳಿದ, ನನಗೆ ಕೇಳಲಿಲ್ಲ, ತಪ್ಪು ನನ್ನದು, ನಿಮಗೆ ಬಿರಡೆ ಹಾಕಬೇಡಿ ಎಂದು ಕಲಿಸಿದ್ದೂ ನನ್ನದೇ ತಪ್ಪು, ಇಷ್ಟೇ. ಕೆಲವರು ಲೋಟ ನೋಡುತ್ತಿದ್ದರು. ಹಿಂದಿನ ಸಾಲಿನಿಂದ ಒಬ್ಬ, "ನಮ್ಗೇನೂ ಆಗಿಲ್ಲ ಬಿಡಿ ಮೂರ್ತಿಯಣ್ಣ, ನಿಮ್ಗೆ ವಯಸ್ಸಾಯ್ತು" ಎಂದ. ಉಳಿದವರು ನಕ್ಕರು.

ನಾನು ಜೇಬಿನಿಂದ ಪ್ಲೇಯರ್ ತೆಗೆದೆ. ಅದನ್ನು ಮೊದಲೇ ಯೋಚಿಸಿರಲಿಲ್ಲ. ಸದ್ದನ್ನು ತೀರ ಕಡಿಮೆಗೆ ಇಳಿಸಿ, ಕೊಳಲು ಬರುವ ಜಾಗಕ್ಕೆ ಹಾಡನ್ನು ತಂದು, ಆ ಮಾತಾಡಿದವನ ಕೈಗೇ ಕೊಟ್ಟೆ. "ಎಡಗಡೇದನ್ನ ಒಂದೊಂದೇ ಕಿವಿಗೆ ಇಟ್ಕೊಂಡು ಕೇಳು. ಎರಡೂ ಕಿವೀಲಿ ಒಂದೇ ಥರ ಕೇಳ್ಸುತ್ತಾ ಅಂತ ಹೇಳು" ಎಂದೆ. ಅವನು ಕೇಳಿದ. ಬದಲಿಸಿ ಕೇಳಿದ. ಮತ್ತೆ ಬದಲಿಸಿದ. ನಗು ನಿಂತಿತು. ಇಯರ್‌ಫೋನನ್ನು ಅಂಗಿಗೆ ಒರೆಸಿ ಪಕ್ಕದವನಿಗೆ ಕೊಟ್ಟ. ಹೀಗೆ ಬೆಂಚಿನಿಂದ ಬೆಂಚಿಗೆ ಅದು ಹೋಯಿತು. ಇದು ಪರೀಕ್ಷೆಯಲ್ಲ, ಇದರಲ್ಲಿ ಕಾಯಿಲೆ ತಿಳಿಯುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಎಡಕ್ಕೂ ಬಲಕ್ಕೂ ವ್ಯತ್ಯಾಸವಿದೆ ಎಂದವರು ಒಬ್ಬಿಬ್ಬರಲ್ಲ.

ರಿಯಾಜ್ ರಜೆ ಹಾಕದೆ, ಕೆನ್ನೆಗೆ ಬಟ್ಟೆ ಅಂಟಿಸಿಕೊಂಡೇ ಬಂದಿದ್ದ. ಕೊನೆಯಲ್ಲಿ ಅವನ ಸರದಿ. ಕಣ್ಣು ಮುಚ್ಚಿ ಕೇಳಿದ. "ಎಡಗಡೆ ಸ್ವಲ್ಪ ಕಮ್ಮಿ" ಎಂದ. ಆಮೇಲೆ ನನಗೆ ಮಾತ್ರ ಕೇಳುವಷ್ಟು ಹತ್ತಿರ, ಬಲಗಡೆಯಿಂದ ಬಂದು, "ಅಣ್ಣ, ಕೆಲ್ಸ ಬಿಟ್ಟ ಮೇಲೆ ಕಿವೀಲಿ ಜೀರುಂಡೆ ಕೂಗ್ದಂಗೆ ಆಗುತ್ತೆ. ಅದು ಎಲ್ರಿಗೂ ಆಗುತ್ತಲ್ವಾ?" ಎಂದು ಕೇಳಿದ.

"ಇಲ್ಲ ಕಣೋ. ಎಲ್ರಿಗೂ ಆಗಲ್ಲ" ಎಂದೆ.

ಮಾಲೀಕರು ನನ್ನನ್ನು ಒಳಗೆ ಕರೆಸಿದರು. ಕೆಟ್ಟ ಮನುಷ್ಯರಲ್ಲ, ಆದರೆ ಹೆದರಿದ್ದರು. "ಇದನ್ನ ಎಲ್ರ ಮುಂದೆ ಹೇಳ್ಬೇಕಿತ್ತಾ ಮೂರ್ತಿ? ನನ್ ಹತ್ರ ಬಂದು ಹೇಳಿದ್ರೆ ಆಗ್ತಿರ್ಲಿಲ್ವಾ?"

"ನಿಮ್ ಹತ್ರ ಹೇಳಿದ್ರೆ ನನ್ ಕಿವಿ ಮಾತ್ರ ಗೊತ್ತಾಗ್ತಿತ್ತು ಸಾರ್."

ಮುಂದಿನ ವಾರ ಅವರೇ ಕರೆಸಿದ ಕಿವಿ ಪರೀಕ್ಷೆಯ ವ್ಯಾನ್ ಬಂತು. ಒಳಗೆ ಸದ್ದು ಬಾರದ ಪುಟ್ಟ ಕೋಣೆ, ಕಿವಿಗೆ ದಪ್ಪ ಹೆಡ್‌ಫೋನ್, ಕೇಳಿದಾಗ ಒತ್ತಲು ಒಂದು ಬಟನ್. ಪರೀಕ್ಷೆ ಮಾಡುವ ಹೆಣ್ಣುಮಗಳು ನನ್ನ ಹಾಳೆಯ ಮೇಲಿನ ಗೆರೆಯನ್ನು ಪೆನ್ನಿನಿಂದ ತೋರಿಸಿದಳು. ಮಾತಿನ ಜಾಗದಲ್ಲಿ ಸಮವಾಗಿ ಬಂದ ಗೆರೆ ಸಣ್ಣ, ಎತ್ತರದ ದನಿಗಳ ಕಡೆ ಬರುತ್ತಿದ್ದಂತೆ ಕುಸಿದಿತ್ತು. ಎಡಗಿವಿಯದು ಪೂರ್ತಿ ಕುಸಿದಿತ್ತು, ಪ್ರೆಸ್ಸಿಗೆ ಯಾವಾಗಲೂ ಆ ಮಗ್ಗುಲು ಕೊಟ್ಟು ನಿಲ್ಲುತ್ತಿದ್ದೆನಲ್ಲ. ಬಲಗಿವಿಯದು ಅರ್ಧ.

"ಇದು ವಾಪಸ್ ಬರುತ್ತಾ ಮೇಡಂ?"

"ಬರಲ್ಲ ಸಾರ್. ಇರೋದನ್ನ ಉಳಿಸ್ಕೋಬಹುದು."

ರಿಯಾಜನ ಗೆರೆಯಲ್ಲಿ ಅದೇ ಜಾಗದಲ್ಲಿ ಒಂದು ಸಣ್ಣ ತಗ್ಗು ಕಾಣಿಸಿಕೊಂಡಿತ್ತು. ನನ್ನದೂ ಒಂದು ಕಾಲಕ್ಕೆ ಹಾಗೆಯೇ ಶುರುವಾಗಿರಬೇಕು ಎಂದಳು ಆಕೆ. ಆ ತಗ್ಗಿನ ಮೇಲೆ ಬೆರಳಿಟ್ಟುಕೊಂಡು ಅವನು ನಿಂತಿದ್ದ. ಅವನನ್ನು ಅಲ್ಲಿಗೆ ತಂದವನು ನಾನು. ಇದನ್ನು ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ನನ್ನನ್ನು ಸೆಟ್ಟರ್ ಕೆಲಸದಿಂದ ತೆಗೆದು ಟೂಲ್ ರೂಮಿಗೆ ಹಾಕಿದರು. ಡೈ ಬಿಚ್ಚುವುದು, ಸವೆದ ಪಂಚುಗಳನ್ನು ಲೆನ್ಸಿನಲ್ಲಿ ನೋಡಿ ಬೇರ್ಪಡಿಸುವುದು. ಗಾಜಿನ ಬಾಗಿಲು, ಒಳಗೆ ಸದ್ದು ಕಡಿಮೆ. ಮೊದಲ ವಾರ ಅಲ್ಲಿ ಕೂತು ಗಾಜಿನಾಚೆ ಪ್ರೆಸ್ಸುಗಳು ಏಳುವುದು ಬೀಳುವುದು ನೋಡುತ್ತಿದ್ದೆ. ಊರಿನಿಂದ ಹೊರಗೆ ಹಾಕಿಸಿಕೊಂಡವನ ಹಾಗೆ ಅನ್ನಿಸುತ್ತಿತ್ತು. ದಸರೆಗೆ ಮುಂಚೆ ಪ್ರೆಸ್ಸುಗಳಿಗೆ ಒಂದೊಂದು ಪೆಟ್ಟಿಗೆ ಕೂರಿಸಿದರು. ಏಟಿನ ಬಲ ಅಳತೆ ಮೀರಿದರೆ ಕೆಂಪು ದೀಪ ಹತ್ತಿ ಮಷೀನು ತಾನೇ ನಿಲ್ಲುತ್ತದೆ. ನಾನು ಇಪ್ಪತ್ತೆರಡು ವರ್ಷ ಮಾಡಿದ್ದನ್ನು ಅದು ತಲೆ ಬಗ್ಗಿಸದೆ ಮಾಡುತ್ತಿತ್ತು. ಹೊಟ್ಟೆಯುರಿಯಿತು. ಇದು ಆರು ತಿಂಗಳ ಮುಂಚೆ ಬಂದಿದ್ದರೆ ರಿಯಾಜನ ಕೆನ್ನೆಯಲ್ಲಿ ಗಾಯವಿರುತ್ತಿರಲಿಲ್ಲ ಎಂದೂ ಅನ್ನಿಸಿತು. ಎರಡೂ ಒಟ್ಟಿಗೆ ಅನ್ನಿಸಿದವು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಊಟವಾದ ಮೇಲೆ ಪ್ಲೇಯರ್ ತೆಗೆದು, ಸೆಟ್ಟಿಂಗ್ಸ್ ಒಳಗೆ ಹೋಗಿ, ಮೊನೊ ಒತ್ತಿದೆ. ಸದ್ದು ಇದಕ್ಕಿಂತ ಮೇಲೆ ಹೋಗಬಾರದು ಎಂದು ಮಿತಿ ಹಾಕಿಡುವ ಸೌಲಭ್ಯವೂ ಅದರಲ್ಲಿತ್ತು, ಅದನ್ನೂ ಹಾಕಿದೆ. ಬಲಗಿವಿಗೊಂದೇ ಇಟ್ಟುಕೊಂಡೆ. ಹಾಡು ಚಪ್ಪಟೆಯಾಗಿತ್ತು. ಎಡ ಬಲ ಎಂಬುದಿಲ್ಲ, ಎಲ್ಲರೂ ಒಂದೇ ಕಡೆ ನಿಂತು ಹಾಡಿದ ಹಾಗೆ. ಆದರೆ ಎಲ್ಲರೂ ಇದ್ದರು. ಕೊಳಲೂ ಇತ್ತು, ಮೊದಲಿನಷ್ಟು ಮೇಲೆ ಹತ್ತುತ್ತಿರಲಿಲ್ಲ. ತುದಿಯಲ್ಲಿ ಸ್ವಲ್ಪ ದೂರ ನನಗೆ ಸಿಗದೆ ಹೋಗಿಬಿಡುತ್ತಿತ್ತು. ಅಷ್ಟನ್ನು ಬಿಟ್ಟುಕೊಡಲು ಕಲಿತೆ. ಆಮೇಲೆ ಶೈಲಜಾ ಅವರ ಅಂಗಡಿಗೆ ಹೋಗಿ, ಶೀತ ಅಲ್ಲ ಮೇಡಂ ಅದು, ಎಂದು ಹೇಳಿ ಬಂದೆ. ಅವರು ಚಹಾ ತರಿಸಿದರು.

ಮರುವರ್ಷ ಮಳೆಗಾಲದಲ್ಲಿ ವ್ಯಾನ್ ಮತ್ತೆ ಬಂತು. ರಿಯಾಜ್ ನನಗಿಂತ ಮುಂದೆ ಸಾಲಿನಲ್ಲಿದ್ದ. ಒಳಗೆ ಹೋದವನು ಬಹಳ ಹೊತ್ತು ಬರಲಿಲ್ಲ. ನಾನು ಚಾವಣಿಯ ಕೆಳಗೆ ನಿಂತು ವ್ಯಾನಿನ ಬಾಗಿಲನ್ನೇ ನೋಡುತ್ತಿದ್ದೆ. ಮಗಳು ಹುಟ್ಟುವ ಹೊತ್ತಿನಲ್ಲಿ ಆಸ್ಪತ್ರೆಯ ಬಾಗಿಲನ್ನು ಅವನು ಹಾಗೆ ನೋಡುತ್ತಿದ್ದನಂತೆ, ಆಮೇಲೆ ಹೇಳಿದ್ದ. ಕೊನೆಗೆ ಬಾಗಿಲು ತೆರೆಯಿತು. ಇಳಿದವನು ಹೋದ ವರ್ಷದ ಹಾಳೆಯನ್ನೂ ಈ ವರ್ಷದ ಹಾಳೆಯನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದ.

"ಹೋದ್ಸಲ ಎಲ್ಲಿತ್ತೋ ಅಲ್ಲೇ ಇದೆ ಅಣ್ಣ."

ಎರಡು ತಗ್ಗುಗಳೂ ಒಂದರ ಮೇಲೊಂದು ಕೂತಿದ್ದವು. ನಾನು ಎರಡು ಸಲ ನೋಡಿದೆ. ಆಮೇಲೆ ನನ್ನ ಪರೀಕ್ಷೆಯಾಯಿತು. ಬಲಗಿವಿ ಇನ್ನೂ ಸ್ವಲ್ಪ ಇಳಿದಿತ್ತು. ವಯಸ್ಸಿನದೂ ಸೇರಿದೆ, ಚೆನ್ನಾಗಿ ಕೇಳಿಸಲು ಕಿವಿಗೆ ಮಿಷನ್ ಹಾಕಿಸಿಕೊಳ್ಳಿ ಎಂದಳು ಆಕೆ. ಹೊರಗೆ ಬಂದು ಆ ಹಾಳೆಯನ್ನು ರಿಯಾಜನ ಕೈಗೆ ಕೊಟ್ಟೆ. ಅವನು ನಿಧಾನವಾಗಿ ನೋಡಿ, ಮಡಿಸಿ, ಹಿಂದೆ ಕೊಟ್ಟ. "ಮಿಷನ್ ತಗೊಳ್ಳೋಕೆ ನಾನೂ ಬರ್ತೀನಿ. ಈ ಸಲ ನೀವೊಬ್ರೇ ಹೋಗ್ಬೇಡಿ" ಎಂದ.

ಗಂಟೆ ಹೊಡೆಯಿತು. ಅವನು ಶೆಡ್ಡಿನ ಕಡೆ ನಡೆದ. ಬಾಗಿಲಿಗೆ ಇನ್ನೂ ನಾಲ್ಕು ಹೆಜ್ಜೆ ಇರುವಾಗ ನಿಂತು, ಜೇಬಿನಿಂದ ಬಿರಡೆ ತೆಗೆದು, ಬೆರಳುಗಳ ನಡುವೆ ಬತ್ತಿಯಂತೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆಳೆದು, ಒಳಗೆ ತೂರಿಸಿ, ಅದು ಉಬ್ಬುವವರೆಗೆ ಬೆರಳು ಒತ್ತಿ ಹಿಡಿದ. ಆಮೇಲೆ ಇನ್ನೊಂದು ಕಿವಿ. ನಾನು ಹಿಂದೆಯೇ ನಿಂತಿದ್ದೇನೆಂದು ಅವನಿಗೆ ಗೊತ್ತಿತ್ತು. ತಿರುಗಿ ನೋಡಲಿಲ್ಲ. ನನ್ನ ಮಾತಿಗಾಗಿ ತೆಗೆಯುವ, ನನ್ನ ಮಾತಿಗಾಗಿ ಹಾಕಿಕೊಳ್ಳುವ ಕಾಲ ಮುಗಿದಿತ್ತು. ಬಾಗಿಲು ತಳ್ಳಿಕೊಂಡು ಒಳಗೆ ಹೋದ.